ಗೋಡೆಗೆ ಮುಖ ಮಾಡಿ ನಿಂತವಳು

ನಮ್ಮ ಮನೆತನದಲ್ಲಿ ಮಕ್ಕಳನ್ನು ಎದುರಿಗೆ ನಿಲ್ಲಿಸಿಕೊಂಡು ಬೈಯುವ ಪದ್ಧತಿ ಇಲ್ಲ. ಸಿಟ್ಟಿನ ಕಣ್ಣು ಮಗುವಿನ ಮುಖದ ಮೇಲೆ ಬಿದ್ದರೆ ಆ ಮಗು ಏಳಿಗೆಯಾಗುವುದಿಲ್ಲ ಎಂದು ನಮ್ಮ ಅಜ್ಜಿ ಹೇಳುತ್ತಿದ್ದಳಂತೆ. ಹಾಗಾಗಿ ನಾನಾಗಲಿ ನನ್ನ ತಮ್ಮ ಗೋವಿಂದರಾಜನಾಗಲಿ ತಪ್ಪು ಮಾಡಿದರೆ, ಅಪ್ಪ ನಮ್ಮನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ, ಹಿಂದೆ ಕೂತು ಎಲೆ ಅಡಿಕೆ ಮೆಲ್ಲುತ್ತಾ ಮನಸಾರೆ ಬೈಯುತ್ತಿದ್ದ. ಕೈ ಮಾತ್ರ ಎತ್ತುತ್ತಿರಲಿಲ್ಲ. ಓಣಿಯ ಬೇರೆ ಮಕ್ಕಳ ಬೆನ್ನ ಮೇಲೆ ಬಾರುಕೋಲು ಆಡುವುದನ್ನು ಕಂಡಿದ್ದ ನಮಗೆ ಇದೇ ದೊಡ್ಡ ಪುಣ್ಯ ಅನ್ನಿಸುತ್ತಿತ್ತು. ಗೋವಿಂದರಾಜ ತಾನು ತಂದೆಯಾದ ಮೇಲೂ ಇದನ್ನೇ ಇಟ್ಟುಕೊಂಡ. ತನ್ನಷ್ಟು ಮೆತ್ತಗಿನ ಅಪ್ಪ ಗಂಗಾವತಿಯಲ್ಲೇ ಇಲ್ಲ ಎಂದು ಅವನ ಎದೆ ಉಬ್ಬುತ್ತಿತ್ತು.

ನನ್ನ ಹೆಸರು ಹುಲಿಗವ್ವ. ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಯಲ್ಲೇ ಇದ್ದೇನೆ. ಬಾಯಿ ಜೋರು ಅಂತ ಹೆಸರು ಪಡೆದವಳು. ಬಾಯಿ ಜೋರಿಲ್ಲದಿದ್ದರೆ ಕುಷ್ಟಗಿ ಕ್ರಾಸಿನಲ್ಲಿ ಹತ್ತುವ ಮಂದಿ ನನ್ನನ್ನೇ ಬಸ್ಸಿನಿಂದ ಇಳಿಸಿ ಹೋಗುತ್ತಾರೆ. ಆದ್ದರಿಂದ ಆ ಹೆಸರಿಗೆ ನನಗೆ ಬೇಜಾರಿಲ್ಲ.

ಗೋವಿಂದರಾಜ ಅಕ್ಕಿ ಮಿಲ್ಲಿನಲ್ಲಿ ಮಷೀನು ನಡೆಸುತ್ತಿದ್ದ. ಮಿಲ್ಲಿನ ಅಂಗಳದಲ್ಲೇ ಕೆಲಸದವರಿಗೆ ಅಂತ ಕಟ್ಟಿದ ಮನೆಗಳಲ್ಲಿ ನಮ್ಮದೊಂದು. ನಮ್ಮ ಪಡಸಾಲೆಗೂ ಮಿಲ್ಲಿಗೂ ಒಂದೇ ಗೋಡೆ. ಆ ಕಡೆ ಮಷೀನು ಶುರುವಾದರೆ ಈ ಕಡೆ ಗೂಟಕ್ಕೆ ಹಾಕಿದ ಕನ್ನಡಿ ನಡುಗುತ್ತದೆ. ಸುಗ್ಗಿಯಲ್ಲಂತೂ ಗಾಡಿಗಟ್ಟಲೆ ನೆಲ್ಲು ಬಂದು ಬಿದ್ದಿರುತ್ತದೆ, ಮಷೀನಿಗೆ ಬಿಡುವೇ ಇರುವುದಿಲ್ಲ. ಹೊಸಬರು ಮನೆಗೆ ಬಂದರೆ ಕಿವಿ ಮುಚ್ಚಿಕೊಳ್ಳುತ್ತಾರೆ. ನಮಗೆ ಅದು ಸದ್ದು ಅಂತಲೇ ಅನ್ನಿಸುವುದಿಲ್ಲ, ನಿಂತಾಗಲೇ ಏನೋ ಕಳೆದುಕೊಂಡ ಹಾಗಾಗುತ್ತದೆ.

ಆ ಸದ್ದಿನಲ್ಲಿ ಮಿಲ್ಲಿನವರು ಬಾಯಿಂದ ಮಾತಾಡಿ ಪೂರೈಸುವುದಿಲ್ಲ. ಬಾಯಿಯೂ ಆಡುತ್ತದೆ, ಕೈಯೂ ಆಡುತ್ತದೆ. ಅಂಗೈ ಕೆಳಗೆ ಮಾಡಿದರೆ ಮಷೀನು ನಿಲ್ಲಿಸು. ಹೆಬ್ಬೆರಳಿಗೆ ತೋರುಬೆರಳು ಉಜ್ಜಿದರೆ ಕಾಳು ನೋಡು, ನುಚ್ಚು ಬರುತ್ತಿದೆ. ಎರಡೂ ಕೈ ಹೆಗಲಿಗೆ ಮುಟ್ಟಿಸಿದರೆ ಚೀಲ ಹೊರಲು ಬಾ. ತಲೆ ಸವರಿಕೊಂಡರೆ ಮಾಲೀಕ ಬಂದ ಅಂತ ಅರ್ಥ, ಯಾಕೆಂದರೆ ಅವನ ತಲೆಯಲ್ಲಿ ಕೂದಲಿಲ್ಲ. ಹಮಾಲರ ಮುಖ್ಯಸ್ಥ ಹೈದರಸಾಬ ಹೊಸ ಹುಡುಗರಿಗೆ ಇದನ್ನೆಲ್ಲ ಕಲಿಸುತ್ತಿದ್ದ. ಗೋವಿಂದರಾಜನ ಮಗಳು, ನಮ್ಮ ರಂಜಿತಾಗೆ ಯಾರೂ ಕಲಿಸಲಿಲ್ಲ. ಅಪ್ಪನಿಗೆ ಬುತ್ತಿ ಒಯ್ಯುತ್ತ ಒಯ್ಯುತ್ತ ತಾನೇ ಕಲಿತಳು. ಮಷೀನಿನ ಮೇಲಿಂದ ಅಪ್ಪ ಏನೋ ಒದರಿ ಕೈ ಮಾಡುವುದು, ಇವಳು ಕೆಳಗಿನಿಂದಲೇ ಗೋಣು ಹಾಕಿ ಓಡಿಬಂದು ಅದನ್ನು ತಾಯಿಗೆ ಸರಿಯಾಗಿ ಮುಟ್ಟಿಸುವುದು ದಿನದ ಮಾತು.

"ಇಂಥಾ ಗದ್ದಲದಾಗೂ ಕೇಳ್ತೈತಿ ನೋಡು ನನ್ನ ಮಗಳಿಗೆ. ಭಾಳ ಚುರುಕು ಕಿವಿ" ಎಂದು ಗೋವಿಂದರಾಜ ಎಲ್ಲರ ಮುಂದೆ ಹೇಳಿಕೊಳ್ಳುತ್ತಿದ್ದ. ಮಿಲ್ಲಿನವರೆಲ್ಲ ಹೌದೌದು ಅನ್ನುತ್ತಿದ್ದರು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುವ ಹಾಗೂ ಇರಲಿಲ್ಲ, ಎಲ್ಲರೂ ಕಣ್ಣಾರೆ ಕಂಡದ್ದೇ.

ರಂಜಿತಾ ಸಾಲೆಗೆ ಹೋಗಲು ಶುರು ಮಾಡಿದ ಮೇಲೆ ತಕರಾರು ಹುಟ್ಟಿತು. ಪಾಠ ತಲೆಗೆ ಹತ್ತುವುದಿಲ್ಲ. ಮಾಸ್ತರು ಪುಸ್ತಕ ತೆಗೆಯಿರಿ ಅಂದರೆ ಉಳಿದ ಮಕ್ಕಳು ತೆಗೆದ ಮೇಲೆ ಅವರನ್ನು ನೋಡಿ ತೆಗೆಯುತ್ತಾಳೆ. ಕೇಳಿದ್ದೊಂದು, ಇವಳು ಹೇಳುವುದೊಂದು. ತರಗತಿ ಗದ್ದಲವಾದರೆ ಕಿವಿ ಮುಚ್ಚಿಕೊಂಡು ಬೆಂಚಿನ ಕೆಳಗೆ ಕೂರುತ್ತಾಳೆ. ಮನೆಯಲ್ಲೂ ಅಷ್ಟೇ. ತಾಯಿ ಹೇಮಾ ಅಡಿಗೆಮನೆಯಿಂದ "ರಂಜಿ, ಹಿಟ್ಟಿನ ಡಬ್ಬಿ ತಾ" ಎಂದು ಕೂಗಿದರೆ ಇವಳು ಕುಂಟೆಬಿಲ್ಲೆ ಆಡುತ್ತಲೇ ಇರುತ್ತಾಳೆ. ಮತ್ತೆ ಕೂಗಿದರೆ ಬಂದು ಬಾಗಿಲಲ್ಲಿ ನಿಂತು ಬೆಪ್ಪಾಗಿ ಮುಖ ನೋಡುತ್ತಾಳೆ. ಕರೆಂಟು ಹೋಗಿ ಮಿಲ್ಲು ನಿಂತಾಗ ಮಾತ್ರ ಬೇರೆಯೇ ಹುಡುಗಿ. ಆಗ ಹರಟೆ ಏನು, ಕತೆ ಏನು, ಕೇಳಿದ್ದಕ್ಕೆಲ್ಲ ಥಟ್ಟನೆ ಉತ್ತರ ಏನು. "ಕರೆಂಟ್ ಹೋದರ ಈಕಿಗೆ ಬಾಯಿ ಬರತೈತಿ ನೋಡ್ರಿ ಅಕ್ಕಾ" ಎಂದು ಹೇಮಾ ನಗುತ್ತಿದ್ದಳು. ನಾವೆಲ್ಲ ನಕ್ಕೆವು. ಅದರಾಚೆ ಯೋಚನೆ ಯಾರ ತಲೆಗೂ ಹೋಗಲಿಲ್ಲ.

ಮೂರನೇ ತರಗತಿಯಲ್ಲಿ ಹೆಡ್‌ಮಾಸ್ತರು ಗೋವಿಂದರಾಜನನ್ನು ಕರೆಸಿದರು. "ಕಿವುಡರ ಮುಂದ ಶಂಖ ಊದಿದಂಗ ಆಗೈತ್ರಿ ನಮ್ಮದು. ಕಿವಿ ತೋರಸ್ರಿ. ಕೇಳಂಗಿಲ್ಲ ಅಂದ್ರ ಕಿವುಡ ಮಕ್ಕಳ ಸಾಲಿ ಇರ್ತಾವ, ಅಲ್ಲಿ ಹಾಕ್ರಿ" ಅಂದರು. ಚುರುಕು ಕಿವಿಯ ಮಗಳ ಅಪ್ಪನಿಗೆ ಮೈ ಉರಿಯಿತು. ಮರುದಿನವೇ ಊರಿನ ಕಿವಿ ಡಾಕ್ಟರ ಹತ್ತಿರ ಹೋದ. ಅವರು ಕಿವಿಯಲ್ಲಿ ಬೆಳಕು ಬಿಟ್ಟು ನೋಡಿದರು, ಸುಮ್ಮನಿರುವ ಕೋಣೆಯಲ್ಲಿ ಕೂಡಿಸಿ ಸಣ್ಣ ಸಣ್ಣ ಸದ್ದು ಕೇಳಿಸಿದರು. ಒಂದೂ ತಪ್ಪಲಿಲ್ಲ. ಕಿವಿ ಸರಿಯಾಗಿವೆ ಎಂದು ಹೇಳಿ ಕಳಿಸಿದರು. ಅವರು ಹೇಳಿದ್ದು ಸುಳ್ಳೇನಲ್ಲ.

ಆದರೆ ಆ ಸತ್ಯವೇ ಹುಡುಗಿಗೆ ಮುಳುವಾಯಿತು. ಕಿವಿ ಸರಿ ಇದ್ದ ಮೇಲೆ ಇದು ಬರೀ ಹಟ ಎಂದು ಗೋವಿಂದರಾಜ ತೀರ್ಮಾನಿಸಿದ. ಕೇಳಿಯೂ ಕೇಳದವರ ಹಾಗೆ ಇರುತ್ತಾಳೆ, ಅಪ್ಪ ಅವ್ವ ಅಂದರೆ ಬೆಲೆಯಿಲ್ಲ. ಅಂದಿನಿಂದ ಸಂಜೆ ಆದರೆ ಸಾಕು, ರಂಜಿತಾ ಪಡಸಾಲೆಯ ಗೋಡೆಗೆ ಮುಖ ಮಾಡಿ ನಿಲ್ಲಬೇಕು. ಆ ಕಡೆ ಮಷೀನಿನ ಸದ್ದು, ಈ ಕಡೆ ಇವನ ಬೈಗುಳ. ಮಷೀನನ್ನು ಮೀರಿಸಲು ಇವನು ದನಿ ಎತ್ತಿ ಎತ್ತಿ ಬೈಯುತ್ತಿದ್ದ. "ನನ್ನ ಹೊಟ್ಟಿಯಾಗ ಯಾಕ ಹುಟ್ಟಿದಿ. ನಿನ್ನ ಸಲುವಾಗಿ ಮಂದಿ ಮುಂದ ತಲಿ ತಗ್ಗಿಸಬೇಕು. ನಿನ್ನಂಥಾ ಮಗಳು ಇದ್ದರೇನು, ಇಲ್ಲದಿದ್ದರೇನು." ಹುಡುಗಿ ಅಂಗೈಯನ್ನು ಗೋಡೆಯ ಮೇಲೆ ಊರಿ ನಿಂತಿರುತ್ತಿದ್ದಳು. ಗೋಡೆ ನಡುಗುವುದು ಕೈಗೆ ತಿಳಿಯುತ್ತಿತ್ತೋ ಏನೋ. ಅಳುತ್ತಿರಲಿಲ್ಲ. ಅಳದಿರುವುದನ್ನು ಕಂಡು ಇವನಿಗೆ ಇನ್ನಷ್ಟು ಸಿಟ್ಟು.

"ಕೈ ಎತ್ತೂದಿಲ್ಲ ಅಂತ ದೊಡ್ಡಸ್ತನ ಬ್ಯಾರೆ. ನಿನ್ನ ನಾಲಿಗಿ ಬಾರುಕೋಲಿಗಿಂತ ಕಡಿಮಿ ಏನಲ್ಲ" ಎಂದು ನಾನು ಒಂದು ದಿನ ಜಗಳಕ್ಕೇ ನಿಂತೆ.

"ನಿನಗ ಮಕ್ಕಳಿಲ್ಲ ಅಕ್ಕ, ಸುಮ್ಮನಿರು" ಅಂದ.

ಆ ಮಾತಿಗೆ ಅವತ್ತು ನಾನು ಊಟ ಮಾಡಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವನಿಗೂ ಅದು ಗೊತ್ತಾಗಿ ನನ್ನ ಮುಂದೆ ಎರಡು ದಿನ ತಲೆ ಎತ್ತಲಿಲ್ಲ. ಆದರೂ ಮೂರನೇ ದಿನ ಇನ್ನೊಂದು ಸುದ್ದಿ ತಂದ. ಪರೀಕ್ಷೆ ಮುಗಿದ ಮೇಲೆ ರಂಜಿತಾಳನ್ನು ಸಾಲೆ ಬಿಡಿಸಿ, ಕುಷ್ಟಗಿ ಕಡೆ ಹಳ್ಳಿಯಲ್ಲಿರುವ ಹೇಮಾಳ ತವರಿಗೆ ಕಳಿಸುವುದು. ಅಲ್ಲಿ ಅಜ್ಜಿಯ ಜೊತೆ ದಾಳಿಂಬೆ ತೋಟದಲ್ಲಿ ಕಳೆ ತೆಗೆಯುತ್ತ ಇರಲಿ, ಮಾತು ಕೇಳುವುದನ್ನಾದರೂ ಕಲಿಯುತ್ತಾಳೆ. ಹೇಮಾ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಎಂಟು ವರ್ಷದ ಕೂಸು. ಓದು ಬರೆಯುವುದು ಹೋದರೆ ಅವಳ ಬದುಕು ಯಾರದೋ ತೋಟದ ಸಾಲಿನಲ್ಲಿ ಮುಗಿಯುತ್ತದೆ ಎಂದು ನನಗೆ ಎದೆ ಒಡೆಯಿತು.

ಅದೇ ವಾರ ರಂಜಿತಾಳ ಸಾಲೆಯ ಅನೀಸಾ ಟೀಚರ್ ನನ್ನ ಬಸ್ಸು ಹತ್ತಿದರು. ಆ ವರ್ಷವೇ ವರ್ಗವಾಗಿ ಬಂದವರು, ಕೊಪ್ಪಳಕ್ಕೆ ತರಬೇತಿಗೆ ಹೊರಟಿದ್ದರು. ಟಿಕೆಟ್ ಹರಿದು ಕೊಟ್ಟು, ಹುಡುಗಿಯನ್ನು ಬಿಡಿಸುವ ವಿಷಯ ನಾನೇ ಹೇಳಿದೆ.

"ಬಿಡಸಬ್ಯಾಡ್ರಿ" ಅಂದರು ಅವರು. "ಆ ಹುಡುಗಿ ದಡ್ಡಿ ಅಲ್ಲ, ಹಟಮಾರಿನೂ ಅಲ್ಲ. ನಾ ನೋಡೀನಿ. ಮುಂದ ಕೂಡಿಸಿ, ಮುಖ ನೋಡಿ ಹೇಳಿದರ ಎಲ್ಲಾ ತಿಳೀತೈತಿ. ನಾ ಹಲಗಿ ಕಡೆ ತಿರುಗಿ ಹೇಳಿದ್ದು, ಗದ್ದಲದಾಗ ಹೇಳಿದ್ದು ತಿಳಿಯಂಗಿಲ್ಲ. ನಮ್ಮ ಸಾಲಿದು ತಗಡಿನ ಮಾಡು. ಮಳಿ ಬಂದ ದಿನ ಆಕಿ ಬಂದದ್ದೂ ಒಂದ, ಬಿಟ್ಟದ್ದೂ ಒಂದ. ಕಿವಿ ಛಲೋ ಇದ್ದೂ ಹಿಂಗ ಆಗೂದು ಇರತೈತಂತ ಹಿಂದಿನ ತರಬೇತಿಯಾಗ ಹೇಳಿದ್ರು. ನನಗ ಪೂರಾ ಗೊತ್ತಿಲ್ರಿ. ಹುಬ್ಬಳ್ಳಿಯಾಗ ಅದಕ್ಕಂತ ಬ್ಯಾರೆ ಪರೀಕ್ಷಾ ಮಾಡ್ತಾರ, ಒಮ್ಮೆ ಕರ್ಕೊಂಡು ಹೋಗ್ರಿ."

ಮನೆಗೆ ಬಂದು ಹೇಳಿದರೆ ಗೋವಿಂದರಾಜ ನಕ್ಕ. ಮಿಲ್ಲಿನ ಗದ್ದಲದಲ್ಲಿ ಕೇಳುವವಳಿಗೆ ಸಾಲೆಯ ಗದ್ದಲ ಯಾವ ಲೆಕ್ಕ ಅಂತ ಅವನ ವಾದ. ಆದರೆ ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಹಿರಿಯರು ಸುಮ್ಮನೆ ಹೇಳಿಲ್ಲ. "ಹುಬ್ಬಳ್ಳಿಯಾಗೂ ಹಟ ಅಂತಂದ್ರ ನಾನ ಖುದ್ದು ಕುಷ್ಟಗಿ ಬಸ್ಸಿಗೆ ಆಕೀನ ಹತ್ತಸ್ತೀನಿ. ಇಲ್ಲಾಂದ್ರ ಆಕಿ ಸಾಲಿ ಬಿಡಂಗಿಲ್ಲ. ಮಾತು ಕೊಡು" ಅಂದೆ. ಗೆಲ್ಲುವುದು ತಾನೇ ಎಂದು ಖಾತ್ರಿ ಇದ್ದದ್ದಕ್ಕೆ ಅವನು ಮಾತು ಕೊಟ್ಟ.

ಹುಬ್ಬಳ್ಳಿಯಲ್ಲಿ ನಮ್ಮನ್ನು ನೋಡಿದ್ದು ಒಬ್ಬ ನಡುವಯಸ್ಸಿನ ಹೆಣ್ಣುಮಗಳು. ಕಿವಿ ಮತ್ತು ಮಾತಿನ ಪರೀಕ್ಷೆ ಮಾಡುವವರು. ಮೊದಲು ಗಂಗಾವತಿಯಲ್ಲಿ ಮಾಡಿದ ಹಾಗೇ ಸಣ್ಣ ಸದ್ದುಗಳನ್ನು ಕೇಳಿಸಿದರು. ಎಲ್ಲವೂ ಕೇಳಿದವು. ಗೋವಿಂದರಾಜ ನನ್ನ ಕಡೆ ನೋಡಿ ಹುಬ್ಬು ಹಾರಿಸಿದ. ಆಮೇಲೆ ಅವರು ಹುಡುಗಿಯ ಎರಡೂ ಕಿವಿಗೆ ಹಾಕಿದ ಯಂತ್ರದಲ್ಲಿ ಒಂದು ಕಿವಿಗೆ ಒಂದು ಅಂಕಿ, ಇನ್ನೊಂದಕ್ಕೆ ಬೇರೆ ಅಂಕಿ ಒಟ್ಟಿಗೇ ಕೇಳಿಸಿದರು. ಎರಡನ್ನೂ ಹೇಳಬೇಕು. ರಂಜಿತಾ ಒಂದನ್ನು ಹೇಳಿ ನಿಲ್ಲುತ್ತಿದ್ದಳು, ಕೆಲವೊಮ್ಮೆ ಅದೂ ಇಲ್ಲ. ಆಮೇಲೆ ಸಂತೆಯಂಥ ಗದ್ದಲದ ನಡುವೆ ಮಾತುಗಳನ್ನು ಕೇಳಿಸಿದರು. ಗಾಜಿನ ಕೋಣೆಯೊಳಗೆ ಕೂತಿದ್ದ ಹುಡುಗಿ ಗಾಜಿನಾಚೆಯಿಂದ ನಮ್ಮ ಮುಖ ನೋಡತೊಡಗಿದಳು. ಯಾರಾದರೂ ಕೈ ಮಾಡಿ ಹೇಳಿಯಾರು ಎಂದು ಹುಡುಕುತ್ತಿದ್ದಳು ಅಂತ ಆಗ ನನಗೆ ತಿಳಿಯಲಿಲ್ಲ.

"ಇದು ಹೊಸ ಜಾಗ ಅಂತ ಅಂಜ್ಯಾಳ್ರಿ. ನಮ್ಮ ಮಿಲ್ಲಿನಾಗ ಇದಕ್ಕಿಂತ ಜಾಸ್ತಿ ಗದ್ದಲದಾಗ ನಾ ಹೇಳಿದ್ದೆಲ್ಲಾ ಕೇಳತಾಳ" ಅಂದ ಗೋವಿಂದರಾಜ.

"ಹೆಂಗ ಹೇಳತೀರಿ, ಒಮ್ಮೆ ತೋರಸ್ರಿ" ಅಂದರು ಅವರು.

ಇವನು ಎದ್ದು ನಿಂತು ಬಾಯಿ ಅಗಲಿಸಿ, ಬುತ್ತಿ ಗಂಟು ಒಯ್ಯಿ ಎಂದು ಹೇಳಿದ. ಹೇಳುವಾಗ ಎರಡೂ ಕೈ ತಾವಾಗಿಯೇ ಗಂಟು ಕಟ್ಟಿ ಮನೆ ಕಡೆ ತೋರಿಸಿದವು. ಅವರು ಆ ಕೈಗಳನ್ನೇ ನೋಡಿದರು. ಇವನೂ ತನ್ನ ಕೈ ನೋಡಿಕೊಂಡ. ಅಷ್ಟು ವರ್ಷದಲ್ಲಿ ಅವನು ಅವುಗಳನ್ನು ನೋಡಿದ್ದು ಅದೇ ಮೊದಲು ಅನ್ನಿಸುತ್ತದೆ.

ಅವರು ರಂಜಿತಾಳನ್ನು ಹೊರಗೆ ಕರೆದು ಕುರ್ಚಿಯ ಮೇಲೆ ಕೂಡಿಸಿದರು. ಗೋವಿಂದರಾಜನನ್ನು ಅವಳ ಬೆನ್ನ ಹಿಂದೆ, ಸ್ವಲ್ಪ ದೂರ ನಿಲ್ಲಿಸಿದರು. ಮೂಲೆಯ ಸ್ಪೀಕರ್ ಪೆಟ್ಟಿಗೆಯಿಂದ ಗದ್ದಲ ಹಚ್ಚಿದರು. ಮಿಲ್ಲಿನ ಸದ್ದಿನ ಅರ್ಧವೂ ಇರಲಿಲ್ಲ ಅದು. "ಈಗ ಮಗಳ ಜೋಡಿ ಮಾತಾಡ್ರಿ. ಆಕಿಗೆ ಖುಷಿ ಆಗೂವಂಥಾದ್ದು ಏನರ ಹೇಳ್ರಿ" ಅಂದರು.

"ರಂಜಿ, ಏಳವ್ವಾ, ಹೋಗೂಣು. ಪ್ಯಾಟ್ಯಾಗ ಗಿರ್ಮಿಟ್ ಕೊಡಸ್ತೀನಿ" ಅಂದ.

ಹುಡುಗಿ ಅಲುಗಾಡಲಿಲ್ಲ.

ಅವನು ಇನ್ನೂ ಜೋರಾಗಿ ಹೇಳಿದ. ಮಷೀನಿನ ಮುಂದೆ ದನಿ ಎತ್ತಿ ರೂಢಿ, ದನಿ ಎತ್ತಿದರೆ ಅದು ಅದೇ ದನಿಯಾಗುತ್ತದೆ. "ಗಿರ್ಮಿಟ್ ತಿನ್ನೂಣು ಬಾ ಅಂದೆ, ಏಳು."

ರಂಜಿತಾಳ ಹೆಗಲು ಕುಗ್ಗಿದವು. ಕುರ್ಚಿಯಿಂದ ಇಳಿದಳು. ಹಿಂದೆ ತಿರುಗಿ ನೋಡಲಿಲ್ಲ. ನೆಟ್ಟಗೆ ಎದುರಿನ ಗೋಡೆಯ ಹತ್ತಿರ ಹೋಗಿ, ಅದಕ್ಕೆ ಮುಖ ಮಾಡಿ, ಅಂಗೈ ಊರಿ ನಿಂತಳು.

ಆ ಹೆಣ್ಣುಮಗಳು ಗದ್ದಲ ಬಂದ್ ಮಾಡಿದರು. ನಾನು ಅಳುವವಳಲ್ಲ, ಅವತ್ತು ಅತ್ತೆ. ಗೋವಿಂದರಾಜ ಬಾಯಿ ತೆರೆದವನು ತೆರೆದ ಹಾಗೇ ನಿಂತಿದ್ದ. ಅಲ್ಲಿ ನಡೆದದ್ದು ಏನು ಎಂದು ಅವನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ದನಿ ಮುಟ್ಟಿತ್ತು, ದನಿಯ ಸಿಟ್ಟು ಮುಟ್ಟಿತ್ತು. ಮಾತು ಮುಟ್ಟಿರಲಿಲ್ಲ.

ಅವರು ಹುಡುಗಿಯನ್ನು ಕರೆತಂದು ಕೂಡಿಸಿ, ನಮಗೆ ನಿಧಾನವಾಗಿ ತಿಳಿಸಿದರು. "ಕಿವಿ ಛಲೋ ಅದಾವ. ಸದ್ದು ಒಳಗ ಹೋಗತೈತಿ. ಒಳಗ ಹೋದ ಮ್ಯಾಲೆ ಮಿದುಳು ಅದನ್ನ ಬಿಡಿಸಿಕೋಬೇಕು, ಯಾವುದು ಮಾತು ಯಾವುದು ಗದ್ದಲ ಅಂತ. ಆ ಕೆಲಸ ಈಕಿಗೆ ಕಷ್ಟ. ಬುದ್ಧಿ ಕಡಿಮಿ ಅಂತಲ್ಲ. ಹಟ ಅಂತೂ ಅಲ್ಲವೇ ಅಲ್ಲ."

"ಅಂದ್ರ ಜಳ್ಳು ಕಾಳು ಬ್ಯಾರೆ ಆಗವಲ್ದು" ಅಂದ ಗೋವಿಂದರಾಜ, ತನಗೆ ತಾನೇ ಹೇಳಿಕೊಂಡ ಹಾಗೆ.

"ಹೌದ್ರಿ. ಸುಮ್ಮನಿರೋ ಕೋಣ್ಯಾಗ ಜಳ್ಳ ಇರಂಗಿಲ್ಲ, ಅದಕ್ಕ ಅಲ್ಲಿ ಪಾಸಾಗತಾಳ. ನಿಮ್ಮ ಮಿಲ್ಲಿನಾಗ ಕೈ ನೋಡಿ, ಬಾಯಿ ನೋಡಿ ತಿಳಕೊಂಡಾಳ. ಶಾಣ್ಯಾ ಹುಡುಗಿ ಅಂತ ಇಷ್ಟು ದಿನ ಯಾರಿಗೂ ಗೊತ್ತಾಗದಂಗ ನಡಿಸಿಕೊಂಡು ಬಂದಾಳ."

ಇದಕ್ಕೆ ಗುಳಿಗೆ ಇಲ್ಲ, ಆಪರೇಷನ್ ಇಲ್ಲ ಅಂದರು. ಅಭ್ಯಾಸ ಮಾಡಿಸಬೇಕು, ಆಗಾಗ ಬರಬೇಕು. ಸಾಲೆಯಲ್ಲಿ ಮುಂದೆ ಕೂಡಿಸಬೇಕು. ಮಾತಾಡುವ ಮೊದಲು ಮುಟ್ಟಿ ಕರೆಯಬೇಕು, ಮುಖ ನೋಡಿ, ಸಣ್ಣ ಸಣ್ಣ ಮಾತಿನಲ್ಲಿ ಹೇಳಬೇಕು. ಸಾಧ್ಯವಿದ್ದರೆ ಸದ್ದಿಲ್ಲದ ಕಡೆ ಮನೆ ಮಾಡಿದರೆ ಒಳ್ಳೆಯದು. ಪೂರಾ ಹೋಗುತ್ತದೆ ಎಂದು ಮಾತು ಕೊಡಲು ಆಗುವುದಿಲ್ಲ, ಆದರೆ ಓದುತ್ತಾಳೆ ಅಂದರು. ಓದುತ್ತಾಳೆ ಅನ್ನುವ ಮಾತು ಬಂದಾಗ ನಾನು ತಮ್ಮನ ಮುಖ ನೋಡಿದೆ. ಅವನು ತಲೆ ತಗ್ಗಿಸಿ ಗೋಣು ಹಾಕಿದ. ಕುಷ್ಟಗಿಯ ಮಾತು ಅಲ್ಲಿಗೆ ಮುಗಿಯಿತು.

ಗಿರ್ಮಿಟ್ ಕೊಡಿಸಿದ. ಅವಳು ತಿಂದಳು, ಅವನು ತಿನ್ನಲಿಲ್ಲ. ಬಸ್ಸಿನಲ್ಲಿ ಗದಗ, ಕೊಪ್ಪಳ ದಾಟುವವರೆಗೂ ತನ್ನ ಅಂಗೈಗಳನ್ನೇ ನೋಡುತ್ತ ಕೂತಿದ್ದ. ಟಿಕೆಟ್ ಕೇಳಲು ಬಂದ ಕಂಡಕ್ಟರ್ ಹುಡುಗನಿಗೆ ನಾನೇ ಉತ್ತರ ಕೊಟ್ಟೆ.

ಮನೆ ಮುಟ್ಟಿದಾಗ ಸಂಜೆಯಾಗಿತ್ತು. ಅಡಿಗೆಮನೆಯಲ್ಲಿ ಹೇಮಾಗೆ ಎಲ್ಲ ಹೇಳುತ್ತಿದ್ದೆ, ಕರೆಂಟು ಹೋಯಿತು. ಜನರೇಟರ್ ಹಚ್ಚುವಷ್ಟು ಧಾರಾಳ ನಮ್ಮ ಮಾಲೀಕನಿಗಿಲ್ಲ, ಹಾಗಾಗಿ ಮಿಲ್ಲು ನಿಂತಿತು. ನಡುಗುತ್ತಿದ್ದ ಕನ್ನಡಿಯೂ ನಿಂತಿತು. ಹೇಮಾ ಕಂದೀಲು ಹಚ್ಚಿ ಪಡಸಾಲೆಯಲ್ಲಿಟ್ಟು ಅಡಿಗೆಮನೆಗೆ ಬಂದಳು. ಅಪ್ಪ ಮಗಳು ಇಬ್ಬರೇ ಅಲ್ಲಿ ಉಳಿದರು. ರಂಜಿತಾಗೆ ಎಂದಿನಂತೆ ಬಾಯಿ ಬಂತು. ಹುಬ್ಬಳ್ಳಿಯ ಬಸ್‌ಸ್ಟ್ಯಾಂಡು ಎಷ್ಟು ದೊಡ್ಡದು, ಗಾಜಿನ ಕೋಣೆ ಹೇಗಿತ್ತು ಎಂದು ವಟವಟ ಅನ್ನುತ್ತಿದ್ದಳು. ಹೇಳುತ್ತ ಹೇಳುತ್ತ ಥಟ್ಟನೆ ಕೇಳಿದಳು.

"ಅಪ್ಪಾ, ನಾ ಗ್ವಾಡಿ ಕಡೆ ನಿಂತಾಗ ನೀ ಹಿಂದ ಕುಂತು ಏನೇನೋ ಅಂತಿದ್ದೆಲ್ಲ. ಏನಂತಿದ್ದಿ?"

ಅಡಿಗೆಮನೆಯಲ್ಲಿ ಹೇಮಾಳ ಕೈಯ ರೊಟ್ಟಿ ಹಂಚಿನ ಮೇಲೇ ಉಳಿಯಿತು. ನಾನು ಬಾಗಿಲಿಗೆ ಬಂದು ನಿಂತೆ. ಅವಳ ಮಾತಿನಲ್ಲಿ ದೂರಿರಲಿಲ್ಲ. ಇಷ್ಟು ದಿನ ಕೇಳಬೇಕು ಅಂದುಕೊಂಡಿದ್ದು ಈಗ ಕೇಳಿದಳು, ಅಷ್ಟೇ.

ಗೋವಿಂದರಾಜ ಚಾಪೆಯಿಂದ ಎದ್ದು ಅವಳ ಮುಂದೆ ಕುಕ್ಕರಗಾಲಲ್ಲಿ ಕೂತ. ಕಂದೀಲನ್ನು ತನ್ನ ಮುಖದ ಹತ್ತಿರ ಎಳೆದುಕೊಂಡ. ಅವನ ಕಣ್ಣು ತುಂಬಿದ್ದವು, ಒರೆಸಿಕೊಳ್ಳಲಿಲ್ಲ.

"ಸುಳ್ಳ ಹೇಳ್ತಿದ್ದೆನವ್ವಾ" ಅಂದ.

"ಎಲ್ಲಾನೂ?"

"ಎಲ್ಲಾನೂ ಸುಳ್ಳು."

ರಂಜಿತಾ ಅವನ ಮೊಣಕಾಲ ಮೇಲೆ ಕೈ ಇಟ್ಟಳು. "ಹಂಗಾರ ಖರೇದ್ದು ಹೇಳು" ಅಂದಳು.

ಅವನು ಬಾಯಿ ತೆರೆಯುವಷ್ಟರಲ್ಲಿ ಕರೆಂಟು ಬಂತು. ಗೋಡೆಯ ಆಚೆ ಮಷೀನು ಗುರುಗುಟ್ಟಿ ಶುರುವಾಯಿತು, ಕನ್ನಡಿ ನಡುಗತೊಡಗಿತು. ಗೋವಿಂದರಾಜ ನಿಲ್ಲಿಸಲಿಲ್ಲ. ಮುಖವನ್ನು ಇನ್ನಷ್ಟು ಹತ್ತಿರ ಒಯ್ದು, ಒಂದೊಂದೇ ಮಾತನ್ನು ಬಿಡಿಸಿ, ಎರಡೂ ಕೈಯಿಂದ ತೋರಿಸುತ್ತ ಹೇಳತೊಡಗಿದ. ಬಹಳ ಹೊತ್ತು ಹೇಳಿದ. ಬಾಗಿಲಲ್ಲಿ ನಿಂತಿದ್ದ ನನಗೆ ಅದರಲ್ಲಿ ಒಂದು ಮಾತೂ ಕೇಳಿಸಲಿಲ್ಲ. ರಂಜಿತಾ ಅವನ ಬಾಯಿಯನ್ನೂ ಕೈಗಳನ್ನೂ ನೋಡುತ್ತ, ಪ್ರತಿಯೊಂದಕ್ಕೂ ಹೂಂ ಎಂದು ಗೋಣು ಹಾಕುತ್ತಿದ್ದಳು.